ದಿವಿಸೀಮಕ್ಕೆ ಮೊದಲ ಟ್ರಿಪ್: ಕೃಷ್ಣೆ ಸಮುದ್ರ ಸೇರೋ ದ್ವೀಪವನ್ನ ಎರಡು ದಿನದಲ್ಲಿ ನೋಡೋದು ಹೇಗೆ?

ವೈಜಾಗ್‌ನಲ್ಲೋ ವಿಜಯವಾಡದಲ್ಲೋ ಕೆಲಸಕ್ಕಿರೋ ಕನ್ನಡದವರಿಗೆ ವೀಕೆಂಡ್ ಲಿಸ್ಟ್ ಬಾಯಿಪಾಠ. ವೈಜಾಗ್‌ನವರಿಗೆ ಅರಕು, ಬೊರ್ರಾ ಗುಹೆ, ಋಷಿಕೊಂಡ ಬೀಚು. ವಿಜಯವಾಡದವರಿಗೆ ಕನಕದುರ್ಗಮ್ಮನ ಗುಡಿ, ಉಂಡವಲ್ಲಿ ಗುಹೆ, ಭವಾನಿ ಐಲ್ಯಾಂಡು. ಇಷ್ಟು ಮುಗಿದ ಮೇಲೆ ಏನು? ರಜೆ ಹಾಕಿ ಊರಿಗೆ ಹೋಗೋದು, ಇಲ್ಲ ಮನೇಲಿ ಮಲಗೋದು.

ಇವತ್ತು ನಾನು ಹೇಳ್ತಿರೋ ಜಾಗ ಆ ಲಿಸ್ಟ್‌ನಲ್ಲಿ ಸಾಮಾನ್ಯವಾಗಿ ಇರಲ್ಲ. ವಿಜಯವಾಡದಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ ಒಂದು ದೊಡ್ಡ ದ್ವೀಪ ಇದೆ, ದಿವಿಸೀಮ. ಹಳೆಯ ಬಂದರು, ಬೌದ್ಧ ಸ್ತೂಪ, ನಾಟ್ಯಶಾಸ್ತ್ರ ಬರೆದ ಸೇನಾಪತಿ, ಕೃಷ್ಣದೇವರಾಯ ಕನಸು ಕಂಡ ಗುಡಿ, ಇವೆಲ್ಲ ಆ ಸೀಮೆಯವು. ಇನ್ನೊಂದು ಮಾತು, ಇದು ನಮಗೆ ಮುಖ್ಯ: ಮಹಾಬಲೇಶ್ವರದಲ್ಲಿ ಹುಟ್ಟಿ ಸುಮಾರು 1,400 ಕಿಲೋಮೀಟರ್ ಹರಿದು ಬರೋ ಕೃಷ್ಣೆ ಸಮುದ್ರ ಸೇರೋದು ಇಲ್ಲೇ. ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ, ಎಲ್ಲದರ ನೀರೂ ಕೊನೆಗೆ ಬರೋದು ಈ ಕಡೆಗೇ. ಬಾಗಲಕೋಟೆಯವರಾಗಲಿ, ಶಿವಮೊಗ್ಗದವರಾಗಲಿ, ಕಲಬುರಗಿಯವರಾಗಲಿ, ನಿಮ್ಮೂರ ಹೊಳೆ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲ ನೋಡಿ ಬರಬೇಕು.

ಆದರೆ ಇದು ರೆಸಾರ್ಟ್ ದ್ವೀಪ ಅಲ್ಲ. ಜನ ಬೇಸಾಯ ಮಾಡೋ, ಮೀನು ಹಿಡಿಯೋ, ಚಂಡಮಾರುತಕ್ಕೆ ಸಾವಿರಾರು ಜನರನ್ನ ಕಳಕೊಂಡಿರೋ ಜಾಗ. ಅದನ್ನ ತಿಳ್ಕೊಂಡು ಹೋದ್ರೆ ಟ್ರಿಪ್ ಚೆನ್ನಾಗಿರುತ್ತೆ. ಬರೀ ಬೀಚ್ ಅಂತ ಹೋದ್ರೆ ಬೇಜಾರೂ ಆಗಬಹುದು, ಅಪಾಯವೂ ಆಗಬಹುದು.

ಮೊದಲು ಮ್ಯಾಪ್ ಅರ್ಥ ಮಾಡ್ಕೊಳ್ಳಿ

ಕೃಷ್ಣಾ ನದಿ ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿದ ಮೇಲೆ ದಕ್ಷಿಣಕ್ಕೆ ತಿರುಗಿ, ಪುಲಿಗಡ್ಡ ಅನ್ನೋ ಊರಿನ ಹತ್ತಿರ ಕವಲೊಡೆಯುತ್ತೆ. ಆ ಕವಲುಗಳ ನಡುವೆ, ಸಮುದ್ರದವರೆಗೆ ಚಾಚಿಕೊಂಡಿರೋ ಭೂಮಿಯೇ ದ್ವೀಪ. ಅವನಿಗಡ್ಡ, ನಾಗಾಯಲಂಕ, ಕೋಡೂರು ಇಲ್ಲಿನ ಮುಖ್ಯ ಊರುಗಳು. ನೀರಿನ ಲೆಕ್ಕದಲ್ಲಿ ನೋಡಿದ್ರೆ ದ್ವೀಪ ಇಷ್ಟೇ. ಆದರೆ ಈಚೆ ದಡದ ಚಲ್ಲಪಲ್ಲಿ, ಘಂಟಸಾಲ, ಮೋಪಿದೇವಿ ಕಡೆಯನ್ನೂ ಸೇರಿಸಿ ದಿವಿಸೀಮ ಅನ್ನೋದು ಅಲ್ಲಿನ ವಾಡಿಕೆ. ನಮ್ಮ ಪ್ಲಾನ್‌ನಲ್ಲೂ ಎರಡೂ ಸೇರಿದೆ.

ಹೆಸರುಗಳನ್ನ ಗಮನಿಸಿ. ತೆಲುಗಲ್ಲಿ 'ಲಂಕ' ಅಂದ್ರೆ ನದಿ ನಡುವಿನ ಭೂಮಿ. ಹಾಗಾಗಿ ನಾಗಾಯಲಂಕ ಅಂತ ಬೋರ್ಡ್ ಕಂಡ್ರೆ ರಾವಣನನ್ನ ಹುಡುಕಬೇಡಿ. ಅವನಿಗಡ್ಡ, ಪುಲಿಗಡ್ಡದ 'ಗಡ್ಡ' ನಮ್ಮ ಕಿವಿಗೆ ಹೊಸದೇನಲ್ಲ. ನಾವು ನಡುಗಡ್ಡೆ ಅಂತೀವಿ, ಹಂಪಿ ಪಕ್ಕದ ವಿರೂಪಾಪುರ ಗಡ್ಡಿ ಅಂತೀವಿ.

ಇನ್ನೊಂದು ಎಚ್ಚರಿಕೆ. ಈ ಟ್ರಿಪ್‌ನ ಮುಖ್ಯ ಜಾಗಗಳಲ್ಲಿ ಒಂದರ ಹೆಸರು ಶ್ರೀಕಾಕುಳಂ. ವೈಜಾಗ್‌ನವರಿಗೆ ಶ್ರೀಕಾಕುಳಂ ಅಂದ್ರೆ ಉತ್ತರಕ್ಕೆ, ಒಡಿಶಾ ಕಡೆಗಿರೋ ಜಿಲ್ಲಾ ಕೇಂದ್ರ. ನಾನು ಹೇಳ್ತಿರೋದು ಕೃಷ್ಣಾ ಜಿಲ್ಲೆ, ಘಂಟಸಾಲ ಮಂಡಲದ ಹಳ್ಳಿ. ಮ್ಯಾಪ್‌ನಲ್ಲಿ ಬರೀ ಶ್ರೀಕಾಕುಳಂ ಅಂತ ಹಾಕಿದ್ರೆ ನಾನೂರು ಕಿಲೋಮೀಟರಿಗೂ ದೂರದ ಊರು ತೋರಿಸಿಬಿಡುತ್ತೆ. 'ಶ್ರೀಕಾಕುಳಾಂಧ್ರ ಮಹಾವಿಷ್ಣು ದೇವಸ್ಥಾನ' ಅಂತ ಹುಡುಕಿ. ಕ್ಯಾಬ್ ಡ್ರೈವರಿಗೂ 'ಘಂಟಸಾಲ ದಗ್ಗರ' ಅಂತ ಸೇರಿಸಿ ಹೇಳಿ.

ಭವಾನಿ ಐಲ್ಯಾಂಡ್ ಜೊತೆಗೂ ಇದನ್ನ ಗೊಂದಲ ಮಾಡ್ಕೋಬೇಡಿ. ಭವಾನಿ ಐಲ್ಯಾಂಡು ಬ್ಯಾರೇಜ್‌ಗಿಂತ ಮೇಲೆ, ವಿಜಯವಾಡ ಊರಿಗೆ ಅಂಟಿಕೊಂಡಂತಿರೋ ಸುಮಾರು 130 ಎಕರೆಯ ನಡುಗಡ್ಡೆ. ಬೋಟಲ್ಲಿ ಹೋಗಿ ಮಕ್ಕಳ ಜೊತೆ ಅರ್ಧ ದಿನ ಕಳೆಯೋಕೆ ಸರಿ. ದಿವಿಸೀಮ ಹಾಗಲ್ಲ, ಹತ್ತಾರು ಹಳ್ಳಿಗಳಿರೋ ನಾಡು. ಬಸ್ಸು, ಕಾರು ಸೇತುವೆ ಮೇಲೇ ದಾಟಿ ಹೋಗುತ್ತೆ.

ಯಾವಾಗ ಹೋಗಬೇಕು?

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ ಒಳ್ಳೇದು. ಕಾರಣ ಒಂದೊಂದಾಗಿ ಹೇಳ್ತೀನಿ.

ಏಪ್ರಿಲ್, ಮೇ ಬೇಡ. ವಿಜಯವಾಡದ ಬಿಸಿಲು ಹೇಗಿರುತ್ತೆ ಅಂತ ಅಲ್ಲಿರೋರಿಗೆ ಹೇಳಬೇಕಾಗಿಲ್ಲ. ಸಮುದ್ರದ ಹತ್ತಿರ ಅದರ ಜೊತೆ ಸೆಕೆ ಬೇರೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನದಿ ತುಂಬಿರುತ್ತೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ಪ್ರಕಾಶಂ ಬ್ಯಾರೇಜ್‌ನಿಂದ 11 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಹೋಯ್ತು. ವಿಜಯವಾಡದ ಎಷ್ಟೋ ಬಡಾವಣೆಗಳು ಮುಳುಗಿದ್ದನ್ನ ನಿಮ್ಮಲ್ಲಿ ಕೆಲವರು ಕಣ್ಣಾರೆ ನೋಡಿದ್ದೀರಿ. ಅಂಥ ದಿನಗಳಲ್ಲಿ ಕೆಳಗಿನ ಲಂಕೆಗಳ ಜನಕ್ಕೆ ಓಡಾಟವೇ ಕಷ್ಟ, ನಾವು ಟ್ರಿಪ್ ಅಂತ ಹೋಗೋದು ಸರಿಯಲ್ಲ.

ಅಕ್ಟೋಬರ್, ನವೆಂಬರ್ ನೋಡೋಕೆ ಹಸಿರಾಗಿ ಚೆನ್ನಾಗಿರುತ್ತೆ, ಆದರೆ ಚಂಡಮಾರುತದ ಕಾಲ. ಹುದ್‌ಹುದ್ ವೈಜಾಗ್‌ಗೆ ಬಡಿದದ್ದು 2014ರ ಅಕ್ಟೋಬರ್ 12ಕ್ಕೆ. ಮಿಚಾಂಗ್ ಬಾಪಟ್ಲ ಹತ್ತಿರ ದಡ ಸೇರಿದ್ದು 2023ರ ಡಿಸೆಂಬರ್ 5ಕ್ಕೆ. ಅದಕ್ಕೇ ಡಿಸೆಂಬರ್ ಮೊದಲ ವಾರವನ್ನೂ ಬಿಡಿ ಅಂತಿದ್ದೀನಿ. ಯಾವ ತಿಂಗಳಾದ್ರೂ ಹೊರಡೋ ಎರಡು ದಿನ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಇದ್ರೆ ಟ್ರಿಪ್ ಮುಂದಕ್ಕೆ ಹಾಕಿ. ರೂಮ್ ಕ್ಯಾನ್ಸಲ್ ದುಡ್ಡು ಹೋದ್ರೆ ಹೋಗಲಿ.

ಮಾಘ ಹುಣ್ಣಿಮೆಗೆ ಹಂಸಲದೀವಿಯಲ್ಲಿ ದೊಡ್ಡ ಜಾತ್ರೆ, ಸಮುದ್ರ ಸ್ನಾನಕ್ಕೆ ಜನವೋ ಜನ. ಜಾತ್ರೆ ನೋಡಬೇಕು ಅನ್ನೋರು ಆ ದಿನವೇ ಹೋಗಿ. ಶಾಂತವಾಗಿ ನೋಡಬೇಕು ಅನ್ನೋರು ಪಂಚಾಂಗ ನೋಡಿ ಆ ವಾರ ಬಿಡಿ.

ಹೋಗೋದು ಹೇಗೆ?

ವೈಜಾಗ್‌ನಿಂದ ವಿಜಯವಾಡ ಸುಮಾರು 350 ಕಿಲೋಮೀಟರ್. ಶುಕ್ರವಾರ ಲಾಗ್‌ಔಟ್ ಆದ ಮೇಲೆ ರಾತ್ರಿ ಟ್ರೇನ್ ಹತ್ತಿ. ಈ ದಾರಿಯಲ್ಲಿ ಟ್ರೇನ್‌ಗಳಿಗೆ ಬರ ಇಲ್ಲ, ಆದ್ರೆ ವೀಕೆಂಡ್ ಟಿಕೆಟ್‌ಗೆ ಬರ ಇದೆ, ಮೊದಲೇ ಬುಕ್ ಮಾಡಿ. ಅಪ್ಪ ಅಮ್ಮ ಬೆಂಗಳೂರಿಂದ ಬರೋದಾದ್ರೆ ಪ್ರಶಾಂತಿ ಎಕ್ಸ್‌ಪ್ರೆಸ್ ವಿಜಯವಾಡಕ್ಕೂ ಬರುತ್ತೆ, ವೈಜಾಗ್‌ಗೂ ಬರುತ್ತೆ. ಯಶವಂತಪುರದಿಂದ ಮಚಲಿಪಟ್ನಂಗೆ ಕೊಂಡವೀಡು ಎಕ್ಸ್‌ಪ್ರೆಸ್ ಇದೆ, ಆದರೆ ದಿನಾ ಇಲ್ಲ.

ವಿಜಯವಾಡದಿಂದ ಮುಂದಕ್ಕೆ ಎರಡು ದಾರಿ. ಒಂದು, ಮಚಲಿಪಟ್ನಂ ಹೈವೇಯಲ್ಲಿ ಪಾಮರ್ರುವರೆಗೆ ಹೋಗಿ, ಅಲ್ಲಿಂದ ಕೂಚಿಪೂಡಿ, ಮೊವ್ವ, ಚಲ್ಲಪಲ್ಲಿ ಮೇಲೆ ಅವನಿಗಡ್ಡ. ಇನ್ನೊಂದು, ಕೃಷ್ಣೆಯ ಪಕ್ಕದಲ್ಲೇ ಸಾಗೋ ಕರಕಟ್ಟ ರಸ್ತೆ. ಕರಕಟ್ಟ ಅಂದ್ರೆ ಪ್ರವಾಹ ಊರಿಗೆ ನುಗ್ಗದ ಹಾಗೆ ಕಟ್ಟಿರೋ ಮಣ್ಣಿನ ಏರಿ, ಅದರ ಮೇಲೆ ರಸ್ತೆ. ಒಂದು ಕಡೆ ನದಿ, ಇನ್ನೊಂದು ಕಡೆ ಬಾಳೆ, ಕಬ್ಬು, ಅರಿಶಿನ. ನೋಡೋಕೆ ಚಂದ, ಆದರೆ ಅಗಲ ಕಡಿಮೆ. ಕತ್ತಲಾದ ಮೇಲೆ ಆ ದಾರಿ ಬೇಡ.

ವಿಜಯವಾಡದ ಪಂಡಿತ್ ನೆಹರೂ ಬಸ್ ಸ್ಟ್ಯಾಂಡಿಂದ ಅವನಿಗಡ್ಡಕ್ಕೆ ಆರ್‌ಟಿಸಿ ಬಸ್ ಇದೆ. ತೆಲುಗು ಬೋರ್ಡ್ ಓದೋಕೆ ಭಯ ಬೇಡ, ನಮ್ಮ ಲಿಪಿಯ ಅಕ್ಕತಂಗಿ ತಾನೇ. ತಲೆಕಟ್ಟು ಸ್ವಲ್ಪ ಬೇರೆ, ಹತ್ತು ನಿಮಿಷದಲ್ಲಿ ಕಣ್ಣಿಗೆ ಹೊಂದುತ್ತೆ. ಆದರೆ ಬಸ್ಸಲ್ಲಿ ಹೋದ್ರೆ ಅವನಿಗಡ್ಡದಿಂದ ಮುಂದಕ್ಕೆ ಆಟೋ ನಂಬಬೇಕು. ನಾಲ್ಕು ಜನ ಇದ್ರೆ ಇಡೀ ದಿನಕ್ಕೆ ಕಾರು ಮಾಡಿಕೊಳ್ಳೋದೇ ಲೇಸು. ವಿಜಯವಾಡದಿಂದ ಅವನಿಗಡ್ಡ ಹೋಗಿ ಬರೋಕೆ 130, ಅಲ್ಲಿಂದ ಸಮುದ್ರದವರೆಗೆ ಹೋಗಿ ಬರೋಕೆ ಸುಮಾರು 50, ಅಕ್ಕಪಕ್ಕ ಸುತ್ತೋಕೆ 40. ಒಟ್ಟು 220 ಕಿಲೋಮೀಟರ್ ಅಂತ ಇಟ್ಕೊಂಡು ಮಾತಾಡಿ. ಡ್ರೈವರ್ ಭತ್ಯ, ಬೆಳಗಿನ ಜಾವ ಹೊರಡೋ ವಿಷಯ, ಎಲ್ಲ ಮೊದಲೇ ಹೇಳಿಬಿಡಿ.

ಮೊದಲ ದಿನ: ದೂರದ್ದು ಮೊದಲು

ಹೊಸಬರು ಸಾಮಾನ್ಯವಾಗಿ ದಾರಿಯಲ್ಲಿ ಸಿಕ್ಕಿದ್ದನ್ನ ನೋಡ್ತಾ ನೋಡ್ತಾ ಹೋಗ್ತಾರೆ. ಸಮುದ್ರಕ್ಕೆ ತಲುಪೋ ಹೊತ್ತಿಗೆ ನಡು ಮಧ್ಯಾಹ್ನ. ನೆರಳಿಲ್ಲ, ಊಟ ಸಿಗಲ್ಲ. ಅದಕ್ಕೇ ತಿರುಗಿಸಿ ಮಾಡಿ. ಬೆಳಗ್ಗೆ 5ಕ್ಕೆ ವಿಜಯವಾಡ ಬಿಟ್ಟು ನೇರ ಹಂಸಲದೀವಿಗೆ ಹೋಗಿ, ಆಮೇಲೆ ಒಂದೊಂದೇ ನೋಡ್ತಾ ವಾಪಸ್ ಬನ್ನಿ.

ಹಂಸಲದೀವಿಯಲ್ಲಿ ವೇಣುಗೋಪಾಲಸ್ವಾಮಿ ಗುಡಿ ಇದೆ. ಇಲ್ಲಿನ ಸಂಗಮದಲ್ಲಿ ಮುಳುಗಿದ ಕಾಗೆ ಹಂಸ ಆಯ್ತು, ಅದಕ್ಕೇ ಊರಿಗೆ ಆ ಹೆಸರು ಅನ್ನೋದು ಸ್ಥಳಪುರಾಣ. ಗುಡಿಯಿಂದ ಇನ್ನೂ ಕೆಲವು ಕಿಲೋಮೀಟರ್ ಮುಂದೆ, ಪಾಲಕಾಯತಿಪ್ಪ ಕಡೆ, ಸಮುದ್ರ. ಅಲ್ಲಿ ಕೃಷ್ಣೆಯ ಒಂದು ಕವಲು ಬಂಗಾಳ ಕೊಲ್ಲಿ ಸೇರುತ್ತೆ. ಅಬ್ಬರ ಏನೂ ಇರಲ್ಲ. ಮಣ್ಣಿನ ಬಣ್ಣದ ಅಗಲವಾದ ನೀರು ಸುಮ್ಮನೆ ಉಪ್ಪುನೀರಿಗೆ ಬೆರೆಯುತ್ತೆ, ಅಷ್ಟೇ. ಕೂಡಲಸಂಗಮದಲ್ಲಿ ಮಲಪ್ರಭೆಯನ್ನ ಸೇರಿಸ್ಕೊಂಡು ಹೊರಟ ಹೊಳೆ ಇದು ಅಂತ ಗೊತ್ತಿದ್ದು ನೋಡಿದ್ರೆ ಮಾತ್ರ ಸ್ವಲ್ಪ ಹೊತ್ತು ಮಾತು ಹೊರಡಲ್ಲ.

ಇಲ್ಲಿ ನೀರಿಗೆ ಇಳಿಯೋ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನದಿ ಸಮುದ್ರ ಸೇರೋ ಕಡೆ ಮರಳು ದಿನದಿಂದ ದಿನಕ್ಕೆ ಜಾಗ ಬದಲಿಸುತ್ತೆ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳೆತ್ತರದ ಗುಂಡಿ ಇರಬಹುದು. ಇಳಿತದ ಹೊತ್ತಲ್ಲಿ ನದಿ ನೀರು, ಸಮುದ್ರದ ನೀರು ಎರಡೂ ಸೇರಿ ಹೊರಕ್ಕೆ ಎಳೆಯುತ್ತೆ. ಈಜು ಬಲ್ಲವರನ್ನೂ ಎಳೆಯುತ್ತೆ. ಕಾಲು ತೊಳ್ಕೊಳ್ಳಿ, ತಲೆ ಮೇಲೆ ನೀರು ಚಿಮುಕಿಸ್ಕೊಳ್ಳಿ, ಸಾಕು. ಗುಂಪಲ್ಲಿ ಹೋದಾಗ ಒಬ್ಬ ಇಳಿದ ಅಂತ ಉಳಿದವರೂ ಇಳಿಯೋದು ಬೇಡ. ಕಾರನ್ನ ಮರಳಿಗೆ ಇಳಿಸಬೇಡಿ. ಕತ್ತಲಾಗೋ ತನಕ ಅಲ್ಲೇ ಇರೋ ಪ್ಲಾನೂ ಬೇಡ. ಪೊಲೀಸರೋ ಅರಣ್ಯ ಇಲಾಖೆಯವರೋ ಬೇಡ ಅಂದ್ರೆ ವಾದ ಮಾಡದೆ ವಾಪಸ್ ಬನ್ನಿ.

ಆ ಶನಿವಾರ

ವಾಪಸ್ ಬರುವಾಗ ಕೋಡೂರು, ನಾಗಾಯಲಂಕ ಕಡೆಯ ಹಳ್ಳಿಗಳನ್ನ ಕಿಟಕಿಯಿಂದ ನೋಡಿ. ಭೂಮಿ ಎಷ್ಟು ಚಪ್ಪಟೆ ಇದೆ ಅಂತ ಗಮನಿಸಿ. ಒಂದು ದಿಬ್ಬ ಇಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, 1977ರ ನವೆಂಬರ್ 19, ಶನಿವಾರ, ಇಲ್ಲಿಗೆ ಚಂಡಮಾರುತ ಬಂತು. ಸತ್ತವರು 10 ಸಾವಿರಕ್ಕೂ ಹೆಚ್ಚು. ಸೊರ್ಲಗೊಂದಿಯಂಥ ಹಳ್ಳಿಗಳಲ್ಲಿ ಮನೆಮನೆಗಳೇ ಖಾಲಿ ಆದವು.

ಗಾಳಿಗಿಂತ ಹೆಚ್ಚು ಜನರನ್ನ ಕೊಂದದ್ದು ನೀರು. ತೆಲುಗಲ್ಲಿ ಅದಕ್ಕೆ 'ಉಪ್ಪೆನ' ಅಂತಾರೆ. ಆ ಹೆಸರಿನ ಸಿನಿಮಾ ನೋಡಿರ್ತೀರಿ, ಪದದ ಅರ್ಥ ಇದು: ಚಂಡಮಾರುತ ತಳ್ಳಿಕೊಂಡು ಬರೋ ಸಮುದ್ರ. ಹೇಗಾಗುತ್ತೆ ನೋಡಿ. ಚಂಡಮಾರುತದ ನಡುವೆ ಗಾಳಿಯ ಒತ್ತಡ ಕಡಿಮೆ ಇರುತ್ತೆ. ಒತ್ತಡ 1 ಮಿಲಿಬಾರ್ ಇಳಿದ್ರೆ ಸಮುದ್ರದ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತೆ. ಇದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯದ್ದು. ಗಂಟೆಗಟ್ಟಲೆ ಬೀಸೋ ಗಾಳಿ ನೀರನ್ನ ದಡದ ಕಡೆಗೆ ನೂಕುತ್ತೆ. ಆಳ ಇದ್ರೆ ಆ ನೀರು ಕೆಳಗಿಂದ ವಾಪಸ್ ಹೋಗುತ್ತೆ. ಇಲ್ಲಿ ದಡದ ಹತ್ತಿರ ಆಳ ಕಡಿಮೆ, ಹೋಗೋಕೆ ಜಾಗ ಇಲ್ಲ, ಹಾಗಾಗಿ ಗುಡ್ಡೆ ಬೀಳುತ್ತೆ. ಅವತ್ತು 5 ಮೀಟರ್‌ನಷ್ಟು ಎತ್ತರದ ನೀರು, ಅಂದ್ರೆ ಒಂದೂವರೆ ಅಂತಸ್ತಿನ ಮನೆಯಷ್ಟು, 10 ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಬಂತು. ಹುಲ್ಲಿನ ಗುಡಿಸಲು, ಚಪ್ಪಟೆ ನೆಲ, ಹತ್ತಿ ನಿಲ್ಲೋಕೆ ಎತ್ತರ ಇಲ್ಲ.

ಈಗ ಈ ಕರಾವಳಿಯಲ್ಲಿ ಎತ್ತರದ ಕಂಬಗಳ ಮೇಲೆ ಕಟ್ಟಿದ ಚಂಡಮಾರುತ ಆಶ್ರಯ ಕಟ್ಟಡಗಳಿವೆ. ಮುನ್ಸೂಚನೆ ಬಂದ ಕೂಡಲೆ ಜನರನ್ನ ಸಾಗಿಸೋ ವ್ಯವಸ್ಥೆ ಇದೆ. ಕಾಂಡ್ಲಾ ಕಾಡು ಅಲೆಯ ಹೊಡೆತವನ್ನ ತಡೆಯುತ್ತೆ ಅನ್ನೋ ತಿಳುವಳಿಕೆಯೂ ಬಂದಿದೆ. ಅಲ್ಲಿ ಅರವತ್ತು ದಾಟಿದ ಯಾರನ್ನ ಮಾತಾಡಿಸಿದ್ರೂ ಉಪ್ಪೆನದ ನೆನಪು ಇದ್ದೇ ಇರುತ್ತೆ. ನೀವಾಗಿ ಕೆದಕಬೇಡಿ. ಅವರೇ ಹೇಳಿದ್ರೆ ಫೋನ್ ಕೆಳಗಿಟ್ಟು ಕೇಳಿ. ರೆಕಾರ್ಡ್ ಮಾಡೋದು ಬೇಡ.

ಮಧ್ಯಾಹ್ನದಿಂದ ಸಂಜೆ: ವಾಪಸ್ ದಾರಿಯಲ್ಲಿ

ಅವನಿಗಡ್ಡದಲ್ಲಿ ಊಟ ಮಾಡಿ. ದೊಡ್ಡ ಹೋಟೆಲ್ ಹುಡುಕಬೇಡಿ, ಮೆಸ್‌ಗಳಿವೆ. ಅನ್ನ, ಪಪ್ಪು, ಗೋಂಗುರ ಪಚ್ಚಡಿ, ಮೊಸರು. ಮೀನು, ಸೀಗಡಿ ತಿನ್ನೋರಿಗೆ ಹಬ್ಬ. ಖಾರ ಜಾಸ್ತಿ, ಮಕ್ಕಳಿಗೆ ಮೊದಲೇ 'ಕಾರಂ ತಕ್ಕುವ' ಅಂತ ಹೇಳಿ. ಮುದ್ದೆ, ಚಪಾತಿ ಬೇಕು ಅನ್ನೋ ಹಟ ಆ ಒಂದು ದಿನ ಬಿಡಿ.

ಪುಲಿಗಡ್ಡದಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸಿ. ಅಲ್ಲಿ ಬ್ರಿಟಿಷರ ಕಾಲದ ಮೇಲ್ಗಾಲುವೆ ಇದೆ. ನದಿಯ ಮೇಲೆ ಸೇತುವೆ, ಆ ಸೇತುವೆಯಲ್ಲಿ ಕಾಲುವೆ ನೀರು. ಕೆಳಗೆ ಹರಿಯೋ ನದಿ ಸಮುದ್ರಕ್ಕೆ ಹತ್ತಿರ ಇರೋದ್ರಿಂದ ಉಪ್ಪು ಸೇರಿರುತ್ತೆ, ಗದ್ದೆಗೆ ಬರಲ್ಲ. ಹಾಗಾಗಿ ವಿಜಯವಾಡದ ಬ್ಯಾರೇಜ್‌ನಿಂದ ಬಂದ ಸಿಹಿನೀರನ್ನ ನದಿ ದಾಟಿಸಿ ದ್ವೀಪಕ್ಕೆ ಒಯ್ತಾರೆ. ಈ ಇಡೀ ಸೀಮೆಯ ಭತ್ತ ನಿಂತಿರೋದು ಅಂಥ ಕಾಲುವೆಗಳ ಮೇಲೆ. ಅದರ ಬೇರು 1855ರಲ್ಲಿ ಮುಗಿದ ಹಳೇ ಆನಿಕಟ್ಟೆಯಲ್ಲಿದೆ. ಆರ್ಥರ್ ಕಾಟನ್ ಯೋಜನೆಯದು. ಅದು 1952ರಲ್ಲಿ ಒಡೆದ ಮೇಲೆ ಈಗಿನ ಪ್ರಕಾಶಂ ಬ್ಯಾರೇಜ್ ಕಟ್ಟಿ 1957ರಲ್ಲಿ ಮುಗಿಸಿದ್ರು.

ಪಕ್ಕದ ಮೋಪಿದೇವಿಯಲ್ಲಿ ಸುಬ್ರಹ್ಮಣ್ಯೇಶ್ವರ ಗುಡಿ. ಕುಕ್ಕೆಗೆ, ಘಾಟಿಗೆ ನಡ್ಕೊಳ್ಳೋ ಮನೆಯವರು ಅಪ್ಪ ಅಮ್ಮನನ್ನ ಕರ್ಕೊಂಡು ಬಂದ್ರೆ ಅವರಿಗೆ ಇದೇ ಇಡೀ ಟ್ರಿಪ್‌ನ ಮುಖ್ಯ ಜಾಗ ಆಗಬಹುದು. ಇಲ್ಲಿ ಸ್ವಾಮಿಗೆ ಲಿಂಗರೂಪದಲ್ಲಿ ಪೂಜೆ. ಮಧ್ಯಾಹ್ನ ಗುಡಿ ಬಾಗಿಲು ಹಾಕಿರುತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಿ. ಪೂಜೆಯೇ ಮುಖ್ಯ ಅನ್ನೋರು ಮೊದಲು ಮೋಪಿದೇವಿ ಮುಗಿಸಿ ಆಮೇಲೆ ಸಮುದ್ರಕ್ಕೆ ಹೋಗಿ.

ಆಮೇಲೆ ಘಂಟಸಾಲ. ಹೆಸರು ಕೇಳಿದ ಕೂಡಲೆ ಗಾಯಕ ಘಂಟಸಾಲ ನೆನಪಾಗ್ತಾರೆ. ಅದು ಅವರ ಮನೆತನದ ಹೆಸರು, ಆ ಹೆಸರು ಬಂದಿರೋದು ಈ ಊರಿಂದ. ಊರು ಹಾಡಿಗಿಂತ ತುಂಬಾ ಹಳೇದು. ಗ್ರೀಕ್ ಭೂಗೋಳಕಾರ ಟಾಲೆಮಿ 2ನೇ ಶತಮಾನದಲ್ಲಿ ಕೊಂಟಕೊಸ್ಸಿಲ ಅಂತ ಬರೆದ ವ್ಯಾಪಾರದ ಊರು ಇದೇ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಶಾತವಾಹನರ ಕಾಲದ ಇಟ್ಟಿಗೆ ಸ್ತೂಪದ ದಿಬ್ಬ ಇದೆ, ಪುರಾತತ್ವ ಇಲಾಖೆಯ ಸಣ್ಣ ಮ್ಯೂಸಿಯಂ ಇದೆ. ಇಂಥ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಕಲಬುರಗಿ ಜಿಲ್ಲೆಯ ಸನ್ನತಿ, ಕನಗನಹಳ್ಳಿ ನೋಡಿದವರಿಗೆ ಇಲ್ಲಿನ ಸುಣ್ಣಕಲ್ಲಿನ ಕೆತ್ತನೆ ಗುರುತು ಸಿಗುತ್ತೆ. ಭೀಮಾ ದಡದ ಸನ್ನತಿ, ಕೃಷ್ಣಾ ದಡದ ಅಮರಾವತಿ, ಮುಖದ ಹತ್ತಿರದ ಘಂಟಸಾಲ, ಮೂರೂ ಒಂದೇ ನದಿ ವ್ಯವಸ್ಥೆಯ ಬೌದ್ಧ ನೆಲೆಗಳು. ವ್ಯಾಪಾರಿಗಳು, ಭಿಕ್ಷುಗಳು ನದಿ ಹಿಡಿದು ಓಡಾಡ್ತಿದ್ದ ಕಾಲ ಅದು.

ಸಂಜೆಗೆ ಶ್ರೀಕಾಕುಳಂ. ಹಂಪಿಗೆ ಹೋಗಿ ಬಂದ ಎಲ್ಲರಿಗೂ ಇದರ ಕಥೆ ಗೊತ್ತಿರಬೇಕು. ಕೃಷ್ಣದೇವರಾಯ ಕಳಿಂಗದ ಮೇಲೆ ದಂಡೆತ್ತಿ ಹೋಗುವಾಗ ವಿಜಯವಾಡದಲ್ಲಿ ಕೆಲವು ದಿನ ಇದ್ದು, ಈ ಗುಡಿಗೆ ಬಂದು, ಏಕಾದಶಿ ಉಪವಾಸ ಮಾಡಿದ. ಆ ರಾತ್ರಿ ಕನಸಲ್ಲಿ ಆಂಧ್ರವಿಷ್ಣು ಬಂದು ತೆಲುಗಲ್ಲಿ ಕಾವ್ಯ ಬರಿ ಅಂದ. ಹಾಗೆ ಹುಟ್ಟಿದ್ದು ಆಂಡಾಳ್ ಕಥೆಯ 'ಆಮುಕ್ತಮಾಲ್ಯದ'. ಇದನ್ನ ರಾಯನೇ ಆ ಕಾವ್ಯದ ಪೀಠಿಕೆಯಲ್ಲಿ ಹೇಳ್ಕೊಂಡಿದ್ದಾನೆ. ಕನ್ನಡರಾಜ್ಯ ರಮಾರಮಣ ಅನ್ನೋ ಬಿರುದಿನ ರಾಜ, ತಮಿಳು ಆಂಡಾಳ್ ಕಥೆ, ತೆಲುಗು ಕಾವ್ಯ. ಯಾವ ಭಾಷೆ ದೊಡ್ಡದು ಅಂತ ಆಫೀಸ್ ಕ್ಯಾಂಟೀನ್‌ನಲ್ಲಿ ಜಗಳ ಆಡೋರನ್ನ ಒಂದು ಸಲ ಇಲ್ಲಿಗೆ ಕರ್ಕೊಂಡು ಬರಬೇಕು.

ವೈಜಾಗ್‌ನವರಿಗೆ ಈ ಕಥೆಯ ಮುಂದಿನ ಭಾಗ ಮನೆ ಹತ್ತಿರವೇ ಇದೆ. ಅದೇ ದಂಡಯಾತ್ರೆಯಲ್ಲಿ ರಾಯ 1516ರಲ್ಲಿ ಸಿಂಹಾಚಲಕ್ಕೆ ಬಂದ, 1519ರಲ್ಲಿ ಮತ್ತೆ ಬಂದ. ಒಡವೆ, ಹಳ್ಳಿ ದಾನ ಕೊಟ್ಟ ಶಾಸನಗಳು ಗುಡಿಯಲ್ಲಿವೆ. ಹಿಂದಿನ ವೀಕೆಂಡ್ ಸಿಂಹಾಚಲ ನೋಡಿ, ಈ ವೀಕೆಂಡ್ ಶ್ರೀಕಾಕುಳಂ ನೋಡಿದ್ರೆ ಕಥೆ ಪೂರ್ತಿ ಆಗುತ್ತೆ.

ಬೆಳಕಿದ್ರೆ ಕರಕಟ್ಟ ರಸ್ತೆಯಲ್ಲೇ ವಿಜಯವಾಡಕ್ಕೆ ಬನ್ನಿ. ಕತ್ತಲಾಗಿದ್ರೆ ಹೈವೇ. ಅವನಿಗಡ್ಡದಲ್ಲೂ ಲಾಡ್ಜ್‌ಗಳಿವೆ, ಆದರೆ ಸಾಧಾರಣ. ಮಕ್ಕಳು, ವಯಸ್ಸಾದವರು ಇದ್ರೆ ವಿಜಯವಾಡದಲ್ಲೇ ರೂಮ್ ಮಾಡಿ.

ಎರಡನೇ ದಿನ: ಕುಣಿತ, ಕಾಡು, ಬಂದರು, ಇವುಗಳಲ್ಲಿ ಒಂದು

ಎರಡನೇ ದಿನ ಮೂರು ದಾರಿಗಳಿವೆ. ಮೂರನ್ನೂ ಮಾಡೋಕೆ ಹೋಗಬೇಡಿ, ಒಂದನ್ನ ಆರಿಸ್ಕೊಳ್ಳಿ.

ಕಲೆ ಇಷ್ಟ ಇದ್ದವರು ಕೂಚಿಪೂಡಿ, ಮೊವ್ವ. ಕೂಚಿಪೂಡಿ ಅನ್ನೋದು ನೃತ್ಯದ ಹೆಸರಾಗೋ ಮುಂಚೆ ಊರಿನ ಹೆಸರು. ಸಿದ್ಧೇಂದ್ರ ಯೋಗಿಯ ಹೆಸರಲ್ಲಿ ಕಲಾಪೀಠ ಇದೆ. ಭಾನುವಾರ ತರಗತಿ ಇರುತ್ತೋ ಇಲ್ಲವೋ ಮೊದಲೇ ಫೋನ್ ಮಾಡಿ ಕೇಳಿ. ಗಂಡಸರೇ ಸ್ತ್ರೀವೇಷ ಹಾಕಿ ಸತ್ಯಭಾಮೆ ಆಗೋ ಸಂಪ್ರದಾಯ ಇಲ್ಲಿಯದು. ನಮ್ಮ ಯಕ್ಷಗಾನ ನೋಡಿ ಬೆಳೆದ ಕರಾವಳಿಯವರಿಗೆ ಇದು ಅರ್ಥವಾಗೋಕೆ ವಿವರಣೆಯೇ ಬೇಡ. ಪಕ್ಕದ ಮೊವ್ವ ಕ್ಷೇತ್ರಯ್ಯನ ಊರು, ಅವರ ಪದಗಳಲ್ಲಿ ಬರೋ ಮುವ್ವಗೋಪಾಲ ಇಲ್ಲಿನ ದೇವರು. ಈ ಸೀಮೆಗೂ ಕುಣಿತಕ್ಕೂ ನಂಟು ಇನ್ನೂ ಹಿಂದಿನದು. 13ನೇ ಶತಮಾನದ ಆರಂಭದಲ್ಲಿ ಕಾಕತೀಯ ಗಣಪತಿದೇವ ದಿವಿಯನ್ನ ಗೆದ್ದ. ಇಲ್ಲಿನ ಅಯ್ಯ ವಂಶದ ಹುಡುಗ ಜಾಯಪನನ್ನ ಜೊತೆಗೆ ಕರ್ಕೊಂಡು ಹೋದ, ಅವನ ಸೋದರಿಯರನ್ನ ಮದುವೆಯಾದ. ಆ ಜಾಯಪ ಸೇನಾಪತಿಯಾಗಿ ಬೆಳೆದು ಸಂಸ್ಕೃತದಲ್ಲಿ 'ನೃತ್ತರತ್ನಾವಳಿ' ಅನ್ನೋ ನಾಟ್ಯಗ್ರಂಥ ಬರೆದ.

ಕಾಡು ಇಷ್ಟ ಇದ್ದವರು ನಾಗಾಯಲಂಕ ಕಡೆ. ಕೃಷ್ಣಾ ವನ್ಯಜೀವಿಧಾಮ ಸುಮಾರು 195 ಚದರ ಕಿಲೋಮೀಟರ್, ಕಾಂಡ್ಲಾ ಕಾಡು. ಮೀನು ಹಿಡಿಯೋ ಕಾಡುಬೆಕ್ಕು ಇಲ್ಲಿದೆ. ಚಳಿಗಾಲ, ವಸಂತದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ. ಬೆಕ್ಕು ಕಾಣೋದು ಅದೃಷ್ಟ, ಕಾಣದಿದ್ರೂ ಕಾಡು ನೋಡೋ ಹಾಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ಲೈಫ್ ಜಾಕೆಟ್ ಇಲ್ಲದ ಪಡವ, ಅಂದ್ರೆ ದೋಣಿ, ಹತ್ತಬೇಡಿ.

ಊರು, ಚರಿತ್ರೆ ಇಷ್ಟ ಇದ್ದವರು ಮಚಲಿಪಟ್ನಂ. ಇಂಗ್ಲಿಷರು 1611ರಲ್ಲಿ ಕೋಠಿ ಹಾಕಿದ ಬಂದರು. ಡಚ್ಚರ ಸ್ಮಶಾನ ಇದೆ, ಪಕ್ಕದ ಪೆಡನದಲ್ಲಿ ಕಲಂಕಾರಿ ಅಚ್ಚಿನ ಬಟ್ಟೆ. ವಾಪಸ್ ಬರುವಾಗ ಬಂದರ್ ಲಡ್ಡು ಒಂದು ಡಬ್ಬ ತಗೊಳ್ಳಿ, ಸೋಮವಾರ ಟೀಮ್‌ಗೆ ಆಗುತ್ತೆ.

'ಮೀದಿ ಕರ್ನಾಟಕನಾ?'

ಅಲ್ಲಿ ಚಹಾ ಅಂಗಡಿಯಲ್ಲಿ ಕೂತಾಗ ನೀವು ಕರ್ನಾಟಕದವರು ಅಂತ ಗೊತ್ತಾದ್ರೆ ಆಲಮಟ್ಟಿ ಮಾತು ಬರಬಹುದು. ಕೋಪ ಮಾಡ್ಕೋಬೇಡಿ, ತಲೆ ತಗ್ಗಿಸಲೂ ಬೇಡಿ. ವಿಷಯ ಗೊತ್ತಿರಲಿ. ಬಚಾವತ್ ಟ್ರಿಬ್ಯೂನಲ್ ಕೃಷ್ಣೆಯ 2,060 ಟಿಎಂಸಿ ನೀರನ್ನ ಹಂಚಿದಾಗ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಕ್ಕೆ 800 ಕೊಟ್ಟಿತ್ತು. ವಿಜಯಪುರ, ಬಾಗಲಕೋಟೆಯ ರೈತನಿಗೆ ಆಲಮಟ್ಟಿ ಎತ್ತರ ಆದ್ರೆ ಒಣ ಹೊಲಕ್ಕೆ ನೀರು. ದಿವಿಸೀಮದ ರೈತ ಇರೋದು ಕಾಲುವೆಯ ಕಟ್ಟಕಡೆಯಲ್ಲಿ. ಮೇಲೆ ಯಾರು ಹಿಡಿದ್ರೂ ಮೊದಲು ಒಣಗೋದು ಅವನ ಗದ್ದೆ. ಸಿಹಿನೀರು ಕಡಿಮೆ ಆದ್ರೆ ಸಮುದ್ರದ ಉಪ್ಪು ಒಳಗೆ ಬರುತ್ತೆ, ಭತ್ತ ಬಿಟ್ಟು ಸೀಗಡಿ ಕೆರೆ ಮಾಡ್ತಾನೆ. ಮೇಲಿನ ಆಣೆಕಟ್ಟುಗಳು ನೀರಿನ ಜೊತೆ ಹೂಳನ್ನೂ ಹಿಡಿದಿಟ್ಟುಕೊಳ್ತವೆ. ಈ ಭೂಮಿ ಆಗಿದ್ದೇ ಆ ಹೂಳಿಂದ, ಈಗ ಅದು ಕಡಿಮೆಯಾಗಿ ದಡ ಕೊಚ್ಚಿ ಹೋಗ್ತಿದೆ.

ಇನ್ನೊಂದು ವಿಷಯ. 2015ರಿಂದ ಪಟ್ಟಿಸೀಮ ಏತ ನೀರಾವರಿ ಮೂಲಕ ಗೋದಾವರಿ ನೀರು ವಿಜಯವಾಡದ ಹತ್ತಿರ ಇಬ್ರಾಹಿಂಪಟ್ನಂ ಬಳಿ ಕೃಷ್ಣೆಗೆ ಸೇರುತ್ತೆ. ಹಾಗಾಗಿ ಮಳೆಗಾಲದ ಆರಂಭದಲ್ಲಿ ಈ ಕಾಲುವೆಗಳಲ್ಲಿ ಹರಿಯೋದು ಹೆಚ್ಚಾಗಿ ಗೋದಾವರಿ. ನಮ್ಮೂರ ನೀರು ನೋಡೋಕೆ ಅಂತ ಬಂದು ಗೋದಾವರಿ ಕುಡಿದು ಹೋಗ್ತೀವಿ. ಇದನ್ನೆಲ್ಲ ಅವರಿಗೆ ಪಾಠ ಮಾಡೋಕೆ ಹೋಗಬೇಡಿ, ಅವರಿಗೆ ಗೊತ್ತಿದೆ. 'ನೀವು ಹೇಳಿ ಬಾಬಾಯ್, ಈ ವರ್ಷ ನೀರು ಬಂತಾ?' ಅಂತ ಕೇಳಿ. ಮಾತಿಗೊಂದು 'ಅಂಡಿ' ಸೇರಿಸಿ, ದೊಡ್ಡವರನ್ನ 'ಮೀರು' ಅನ್ನಿ. ಕೃಷ್ಣಾ ಜಿಲ್ಲೆಯವರು ಮರ್ಯಾದೆಗೆ ಮರ್ಯಾದೆ ಕೊಡೋ ಜನ.

ಹೊರಡೋ ಮುಂಚೆ ಒಂದು ಸಲ

ಒಂದೇ ದಿನ ಇದ್ರೆ: ಹಂಸಲದೀವಿ, ಪುಲಿಗಡ್ಡ, ಘಂಟಸಾಲ, ಶ್ರೀಕಾಕುಳಂ. ಅಪ್ಪ ಅಮ್ಮ ಜೊತೆಗಿದ್ರೆ: ಮೋಪಿದೇವಿ ಸೇರಿಸಿ, ಸಮುದ್ರದ ಹತ್ತಿರ ಅರ್ಧ ಗಂಟೆ ಸಾಕು. ಸ್ನೇಹಿತರ ಗುಂಪಾದ್ರೆ: ನೀರಿಗೆ ಇಳಿಯಲ್ಲ ಅನ್ನೋ ಮಾತನ್ನ ವಿಜಯವಾಡದಲ್ಲೇ ತಗೊಂಡು ಹೊರಡಿ. ಬ್ಯಾಗಲ್ಲಿ ನೀರು, ಟೋಪಿ, ಒ.ಆರ್.ಎಸ್., ಸ್ವಲ್ಪ ಕ್ಯಾಶ್. ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಕೈ ಕೊಟ್ರೆ ಅಂತ ಆಫ್‌ಲೈನ್ ಮ್ಯಾಪ್. ಪ್ಲಾಸ್ಟಿಕ್ ಏನು ತಗೊಂಡು ಹೋಗ್ತೀರೋ ಅದನ್ನ ವಾಪಸ್ ತನ್ನಿ, ಆಮೆ ಮೊಟ್ಟೆ ಇಡೋ ದಡ ಅದು.

ಊರಿಂದ ಯಾರಾದ್ರೂ ಹೊಳೆ ದಡದವರು ಬರ್ತಿದ್ರೆ, ಅವರನ್ನೂ ಕರ್ಕೊಂಡು ಹೋಗಿ. ಕೃಷ್ಣೆಯನ್ನ ಮೇಲಿಂದ ಕಂಡವರು ಕೆಳಗಿಂದಲೂ ಒಂದು ಸಲ ಕಾಣಲಿ. ಮುಂದಿನ ವಿಡಿಯೋದಲ್ಲಿ ನಾಗಾರ್ಜುನಕೊಂಡದ ಬಗ್ಗೆ ಮಾತಾಡೋಣ, ಅದೂ ಇದೇ ನದಿಯ ಇನ್ನೊಂದು ದ್ವೀಪ. ಅಲ್ಲಿವರೆಗೆ ಹುಷಾರಾಗಿರಿ, ನಮಸ್ಕಾರ.